ರೊಟ್ಟಿ ಮೀನು

ಖಾನಾವಳಿಯ ಕೆಲಸದ ಅನ್ನವ್ವ ತೆಂಗಿನ ಚಿಪ್ಪಿನಿಂದ ಮೀನಿನ ತೊಟ್ಟಿಯ ನೀರನ್ನು ಮೊಗೆದು ಮೇಲೆ ತೂಗುಬಿಟ್ಟಿದ್ದ ಗಡಿಗೆಗೆ ಹೊಯ್ಯುತ್ತಿದ್ದಳು. ಗಡಿಗೆಯ ತಳದ ಸಣ್ಣ ತೂತಿನಿಂದ ನೀರು ಎಳೆಯಾಗಿ ಇಳಿದು ಮತ್ತೆ ತೊಟ್ಟಿಗೇ ಬೀಳುತ್ತಿತ್ತು. ಎಡಗೈಯಿಂದ ಸೆರಗು ಹಿಡಿದು ಕಣ್ಣೊರೆಸಿಕೊಂಡರೂ ಬಲಗೈಯನ್ನು ಅವಳು ನಿಲ್ಲಿಸಿರಲಿಲ್ಲ. ಬೆನ್ನ ಹಿಂದೆ, ಮೊನ್ನೆಯವರೆಗೆ ಗಿರಾಕಿಗಳು ಸಾಲಾಗಿ ಕುಳಿತು ಉಣ್ಣುತ್ತಿದ್ದ ಪಡಸಾಲೆಯಲ್ಲಿ, ಖಾನಾವಳಿಯ ಒಡತಿ ಫಕ್ಕೀರವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂವು. ಎದುರಿಗೆ ಭಜನೆಯವರು ತಾಳ ಹಿಡಿದು ಕುಳಿತಿದ್ದರು.

ಹಿರೇಬೆಂಡಿಗೇರಿಯಿಂದ ಮೊದಲ ಬಸ್ಸಿಗೆ ಬಂದ ಕರಬಸಪ್ಪ ತಂಗಿ ಫಕ್ಕೀರವ್ವನ ಮುಂದೆ ಬಂದು ನಿಂತ. ಆಮೇಲೆ ಅವನ ಕಣ್ಣು ಗಾಜಿನ ತೊಟ್ಟಿಯ ಕಡೆಗೆ ಹೊರಳಿತು.

"ಏನವ್ವಾ, ಹೆಣಕ್ಕ ಬೆನ್ನ ಮಾಡಿ ಅಲ್ಲೇನ ಮಾಡಾಕತ್ತಿ?"

"ನೀರ ಎತ್ತಾಕತ್ತೇನ್ರಿ ಯಜಮಾನ್ರ. ಧಾರಿ ನಿಂತ್ರ ಮೀನಿಗೆ ಉಸರು ಸಿಗಂಗಿಲ್ಲ."

"ಉಸರು ಹೋದಾಕಿ ಇಲ್ಲೆ ಕುಂತಾಳ."

"ಆಕೀನ ಹೇಳ್ಯಾಳ್ರಿ," ಎಂದಳು ಅನ್ನವ್ವ, ಕೈ ನಿಲ್ಲಿಸದೆ. "ಯಾರ ಬರಲಿ ಯಾರ ಹೋಗಲಿ, ಗಡಿಗಿ ಬತ್ತಬಾರದು ಅಂತ."

ಎಂಟು ವರ್ಷದಿಂದ ಕರಬಸಪ್ಪ ಈ ಹೊಸ್ತಿಲು ತುಳಿದಿರಲಿಲ್ಲ. ಹಾನಗಲ್ಲಿನ ಸಂತೆಗೆ ಬಂದರೂ ಬುತ್ತಿ ಕಟ್ಟಿಕೊಂಡು ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಉಣ್ಣುತ್ತಿದ್ದ. ಅಲ್ಲಿಂದ ತಂಗಿಯ ಖಾನಾವಳಿಯ ಬಾಗಿಲು ಕಾಣುತ್ತಿತ್ತು. ತಂಗಿಗೂ ಅವನು ಕಾಣುತ್ತಿದ್ದ. ಇಬ್ಬರೂ ಕರೆಯುತ್ತಿರಲಿಲ್ಲ.

ಈಗ ಬಾಗಿಲ ಹೊರಗೆ ಜನವೋ ಜನ. ಅಕ್ಕಿಆಲೂರಿನವರು, ಬಂಕಾಪುರದವರು, ಸವಣೂರಿನ ಎಲೆ ವ್ಯಾಪಾರಿಗಳು, ಹಿರೇಕೆರೂರಿನ ಕಡೆಯಿಂದ ಬಂದ ಹೆಂಗಸರು. ಇವರಲ್ಲಿ ಅರ್ಧ ಮಂದಿಯ ಗುರುತು ಕರಬಸಪ್ಪನಿಗಿರಲಿಲ್ಲ.

"ಇವರೆಲ್ಲಾ ಯಾರ್ರಿ?" ಎಂದು ಪಕ್ಕದಲ್ಲಿದ್ದ ಗುದ್ಲೆಪ್ಪ ಮಾಸ್ತರರನ್ನು ಕೇಳಿದ. ಮಾಸ್ತರರು ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು, ಖಾನಾವಳಿಯ ಹಳೆಯ ಗಿರಾಕಿ.

"ಮೀನ ನೋಡಾಕ ಬಂದು ಊಟ ಮಾಡಿ ಹೋದವರು. ಊಟ ಮಾಡಾಕ ಬಂದು ಮೀನ ನೋಡಿ ಹೋದವರು," ಎಂದರು ಮಾಸ್ತರರು. "ನಿಮ್ಮ ತಂಗಿ ಇವರಿಗೆಲ್ಲಾ ಗುರುತಿನಾಕಿ."

*

ಫಕ್ಕೀರವ್ವನ ಖಾನಾವಳಿ ಶಿರಸಿ ರಸ್ತೆಯ ಮೇಲಿತ್ತು. ಗಂಡ ತೀರಿಕೊಂಡ ಮೇಲೆ ನಾಲ್ಕು ಮಂದಿಗೆ ರೊಟ್ಟಿ ಬಡಿದು ಹಾಕಲು ಸುರು ಮಾಡಿದವಳು ಆಮೇಲೆ ಒಲೆಯ ಮುಂದಿನಿಂದ ಏಳಲೇ ಇಲ್ಲ. ದಿನ ಬೆಳಗಾದರೆ ಬಸ್ಸು, ಲಾರಿ, ಚಕ್ಕಡಿ. ಎಲ್ಲೆಲ್ಲಿಂದಲೋ ಬಂದವರು ಉಂಡು ಎಲ್ಲೆಲ್ಲಿಗೋ ಹೋಗುವರು. ಅವಳು ಮಾತ್ರ ಹಾವೇರಿ ದಾಟಿ ಹೋದವಳಲ್ಲ.

ಸವಣೂರಿನ ಮಜೀದ ಕುಮಟೆಯಿಂದ ಉಪ್ಪಿನ ಲಾರಿ ಹೊಡೆಯುತ್ತಿದ್ದ. ಘಟ್ಟ ಹತ್ತಿ ಬಂದು ಇಲ್ಲಿಯೇ ಊಟ. ಅವನು ಬಂದಾಗಲೆಲ್ಲ ಅವಳು ಒಂದೇ ಮಾತು ಕೇಳುವಳು.

"ಸಮುದ್ರ ಎಷ್ಟ ದೊಡ್ಡದೈತೋ ತಮ್ಮಾ? ನಮ್ಮ ಆನಿಕೆರಿಯಷ್ಟ?"

"ಅದಕ್ಕ ಆಚೀ ದಂಡಿನ ಇಲ್ರಿ ಅಕ್ಕಾ."

"ದಂಡಿ ಇಲ್ಲದ ನೀರು ಹೆಂಗ ನಿಲ್ಲತೈತಿ?"

"ನಿಲ್ಲಂಗಿಲ್ರಿ. ಹೋಗತೈತಿ, ಬರತೈತಿ. ನಿಮ್ಮ ಗಿರಾಕಿ ಹಂಗ." ಮಜೀದ ನಗುತ್ತಿದ್ದ. "ಲಾರ್ಯಾಗ ಹತ್ರಿ, ತೋರಿಸಿ ತರತೇನಿ."

"ಒಲಿ ಯಾರ ನೋಡ್ತಾರ? ಮತ್ತ, ಮಂದಿ ಬಾಯಿ ಯಾರ ಮುಚ್ಚತಾರ?"

ಐವತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಒಂದು ದಿನ ಮಜೀದ ಉಪ್ಪಿನಕಾಯಿಯ ಭರಣಿಯೊಂದನ್ನು ಅವಳ ಮುಂದೆ ಇಟ್ಟ. "ನೀವು ಹೋಗಂಗಿಲ್ಲ ಅಂದ್ರ ಸಮುದ್ರನ ಬರಲಿ ಅಂತ ತಂದೇನ್ರಿ."

ಭರಣಿಯಲ್ಲಿ ಬರೀ ನೀರು ಎಂದು ಅವನೂ ತಿಳಿದಿದ್ದ. ಫಕ್ಕೀರವ್ವ ಬಗ್ಗಿ ನೋಡಿದಾಗ ಒಳಗೆ ಬೆರಳಿನ ಉಗುರಿನಷ್ಟು ಪುಟ್ಟ ಹಳದಿ ಮೀನೊಂದು ಸರಕ್ಕನೆ ತಿರುಗಿತು. ಮೈಮೇಲೆ ಕಪ್ಪು ಅಡ್ಡಪಟ್ಟಿ. ಬಂಡೆಯ ಸಂದಿನ ನೀರು ತುಂಬುವಾಗ ಬಂದು ಸೇರಿತ್ತು.

ಬಂದವರಿಗೆಲ್ಲ ಚೆನ್ನಾಗಿ ಕಾಣಲಿ ಎಂದು ಅವಳು ಅದನ್ನು ತಾಮ್ರದ ಹಂಡೆಗೆ ಸುರಿದಳು. ನೀರು ಕಡಿಮೆಯಾಯಿತೆಂದು ಬಾವಿಯ ನೀರು ಕೂಡಿಸಿದಳು. ಮರುದಿನ ಬೆಳಗ್ಗೆ ಮೀನು ಹೊಟ್ಟೆ ಮೇಲಾಗಿ ತೇಲುತ್ತಿತ್ತು.

ಅಂದು ಖಾನಾವಳಿಯ ಒಲೆ ಹೊತ್ತಲಿಲ್ಲ. ಊಟಕ್ಕೆ ಬಂದ ಗುದ್ಲೆಪ್ಪ ಮಾಸ್ತರರು, ಕಟ್ಟೆಯ ಮೇಲೆ ಕೈ ಕಟ್ಟಿ ಕುಳಿತವಳನ್ನು ನೋಡಿ ಗಾಬರಿಯಾದರು.

"ಒಂದ ಮೀನಿಗೆ ಇಷ್ಟ ದುಃಖ ಏನ್ರಿ?"

"ಬಂದ ಗಿರಾಕಿ ನನ್ನ ಕೈಯಾಗ ಸತ್ತಂಗಾತ್ರಿ, ಮಾಸ್ತರ. ಇನ್ನ ಮ್ಯಾಲೆ ಹಿಂಗ ಆಗಬಾರದು. ಯಾಕ ಸತ್ತಿತು, ಹೇಳ್ರಿ."

ಮಾಸ್ತರರು ತಿಳಿದಷ್ಟು ಹೇಳಿದರು: ಸಿಹಿನೀರು ಬೆರೆಯಿತು, ತಾಮ್ರ ಅದಕ್ಕೆ ವಿಷ, ಗಾಳಿ ಸಿಗಲಿಲ್ಲ. ತಿಳಿಯದ್ದನ್ನು ಧಾರವಾಡದ ಕಾಲೇಜಿಗೆ ಹೋದಾಗ ಕೇಳಿಕೊಂಡು ಬಂದರು. ನೀರು ಆರುತ್ತಾ ಹೋದಂತೆ ಉಪ್ಪು ಹೆಚ್ಚುತ್ತದೆ, ಅದನ್ನು ಅಳೆಯುವ ಉಪಕರಣ ಬೇಕು ಎಂದರು. ಫಕ್ಕೀರವ್ವ ಒಳಗೆ ಹೋಗಿ, ಗೌಳಿಯ ಹಾಲಿಗೆ ನೀರು ಬೆರೆತಿದೆಯೇ ಎಂದು ನೋಡುವ ಗಾಜಿನ ಕೊಳವೆಯನ್ನು ತಂದು, ಮಜೀದನ ಹೊಸ ಭರಣಿಯಲ್ಲಿ ತೇಲಿಬಿಟ್ಟಳು. ಅದು ನಿಂತ ಗೆರೆಗೆ ಇಬ್ಬರೂ ಸೇರಿ ಕೆಂಪು ದಾರ ಕಟ್ಟಿದರು. ಗೆರೆ ಮೇಲೆ ಬಂದರೆ ಸಿಹಿನೀರು ಸೇರಿಸುವುದು. ಮಾಸ್ತರರು ಅಂದು ಹುಡುಗರಂತೆ ನಕ್ಕರು.

ಬಡಗಿ ಸಾಗವಾನಿಯ ಪೆಟ್ಟಿಗೆ ಮಾಡಿಕೊಟ್ಟ. ಒಂದು ಮಗ್ಗುಲಿಗೆ ದಪ್ಪ ಗಾಜು, ಸಂದಿಗೆ ಮೇಣ ಮತ್ತು ರಾಳ. ಲಿಂಗದ ಮೇಲೆ ಧಾರೆ ಬಿಡುವ ಹಾಗೆ ಮೇಲೊಂದು ಗಡಿಗೆ. ಮುಂದಿನ ಬೇಸಿಗೆಯಲ್ಲಿ ಬಂದ ಪಟ್ಟಿಯ ಮೀನು ಅದರಲ್ಲಿ ಉಳಿಯಿತು. ಒಂದು ವಾರ, ಒಂದು ತಿಂಗಳು, ಒಂದು ವರ್ಷ. ಜನ ಅದಕ್ಕೆ ಪಟ್ಟಾಪಟ್ಟಿ ಎಂದು ಹೆಸರಿಟ್ಟರು.

ಮೊದಮೊದಲು ಗಿರಾಕಿ ಒಡೆಯಿತು. ಲಿಂಗಾಯತರ ಖಾನಾವಳಿಯಲ್ಲಿ ಮೀನು ಸಿಗುತ್ತದಂತೆ ಎಂದು ಸುದ್ದಿ ಹಬ್ಬಿ, ಮಡಿವಂತರು ಬಿಟ್ಟರು. ಮೀನಿನ ಸಾರು ಕೇಳುವವರು ಬಂದರು. "ಅದ ನೋಡಾಕ ಐತ್ರಿ, ತಿನ್ನಾಕಲ್ಲ. ನೋಡಕೋತ ಬದನೀಕಾಯಿ ಉಣ್ಣರಿ," ಎಂದು ಅವರಿಗೂ ರೊಟ್ಟಿಯನ್ನೇ ಬಡಿಸಿದಳು.

ಕರಬಸಪ್ಪ ಬಂದದ್ದು ಆಗಲೇ. ತಂಗಿ ಬಾನಿಯ ನೀರಿನಿಂದ ಸೊಳ್ಳೆಯ ಹುಳುಗಳನ್ನು ಸೋಸಿ ತೊಟ್ಟಿಗೆ ಹಾಕುತ್ತಿದ್ದುದನ್ನು ಅವನು ಕಣ್ಣಾರೆ ಕಂಡ.

"ಕೊಳ್ಳಾಗ ಲಿಂಗ ಐತಿ, ಕೈಯಾಗ ಜೀವಕ್ಕ ಜೀವ ಹಾಕತೀ."

"ಅದರ ಊಟ ಅದ ಅಣ್ಣಾ. ಹಸದಿದ್ದಕ್ಕ ನಾ ಏನ ಹಾಕಲಿ?"

"ಹಂಗಾದ್ರ ಆ ಕೈಲೆ ಬಡದ ರೊಟ್ಟಿ ನನಗ ಬ್ಯಾಡ," ಎಂದು ಅವನು ಬಡಿಸಿದ ತಾಟು ಬಿಟ್ಟು ಎದ್ದು ಹೋಗಿದ್ದ.

*

ಮಧ್ಯಾಹ್ನದ ಹೊತ್ತಿಗೆ ಹೆಣವನ್ನು ಕೂರಿಸಿ ಒಯ್ಯುವ ವಿಮಾನ ಕಟ್ಟುವುದು ಮುಗಿಯಿತು. ಬಾಳೆಕಂಬ, ಬಣ್ಣದ ಕಾಗದ, ನಾಲ್ಕು ಮೂಲೆಗೆ ಹೂವು. ವಿಧಿ ನಡೆಸಲು ಬಂದ ಅಯ್ಯನವರು ಬಿಸಿಲು ನೋಡಿ, "ಇನ್ನ ಎತ್ತೋಣು. ಹೊತ್ತು ಮುಳುಗೂದ್ರಾಗ ಮಣ್ಣು ಆಗಬೇಕು," ಎಂದರು.

ಆಗಲೇ ಶಿರಸಿ ಕಡೆಯಿಂದ ಲಾರಿಯೊಂದು ಹಾರ್ನು ಬಾರಿಸುತ್ತ ಬಂತು. ಉದ್ದಕ್ಕೆ ಒತ್ತಿದ, ಹಬ್ಬದ ಹಾರ್ನು. ಜನ ಎದ್ದು ನಿಂತು ಕೈ ಬೀಸಿದರು, ನಿಲ್ಲಿಸು ಎಂದರು. ಮಜೀದ ಇಳಿದ. ಎದೆಗೆ ಒಂದು ದೊಡ್ಡ ಭರಣಿ ಅವಚಿಕೊಂಡಿದ್ದ. ಅದರ ಬಾಯಿಗೆ ತೆಳು ಬಟ್ಟೆ.

"ಅಕ್ಕಾ! ಬಂತ್ರಿ ನಿಮ್ಮ ರೊಟ್ಟಿ!" ಎಂದು ಕೂಗಿದವನು ವಿಮಾನ ಕಂಡು ಅಲ್ಲಿಯೇ ನಿಂತ.

ಅನ್ನವ್ವ ಹೊರಗೆ ಬಂದು ಅವನ ತೋಳು ಹಿಡಿದಳು. "ನಿನ್ನೆ ಮುಂಜಾನಿ. ಹಿಟ್ಟು ನಾದಿದ್ಲು, ಯಾಕೋ ಸುಸ್ತ ಆಗತೈತಿ ಅಂತ ಗ್ವಾಡಿಗೆ ಒರಗಿದ್ಲು. ಅಷ್ಟ."

ಆ ಮಾತು ಕೇಳಿಯೂ ಮಜೀದ ಭರಣಿಯನ್ನು ಅಲುಗಿಸಲಿಲ್ಲ. ಮೆಲ್ಲಗೆ ಮೆಟ್ಟಿಲ ಮೇಲೆ ಕುಳಿತು ಅದನ್ನು ತೊಡೆಯ ಮೇಲೆ ಇಟ್ಟುಕೊಂಡ. ಅವನ ಕಣ್ಣೀರು ಬಟ್ಟೆಯ ಮೇಲೆ ಬಿತ್ತು.

ಯಾರೋ ಅಂದರು: "ಹೆಣದ ಮನಿಗೆ ಮೀನ ತಂದಾನ. ಆ ಕಡೆ ಕೆರಿಯಾಗ ಒಗದು ಬಾ ಅನ್ರಿ."

"ಕೆರಿಯಾಗ ಒಗದ್ರ ಉಳದೀತೋ ಸತ್ತೀತೋ ಯಾರಿಗೊತ್ತು," ಎಂದರು ಗುದ್ಲೆಪ್ಪ ಮಾಸ್ತರರು. "ಭರಣ್ಯಾಗಂತೂ ಇನ್ನ ಬಾಳ ಹೊತ್ತು ಇರಂಗಿಲ್ಲ. ಘಟ್ಟ ಹತ್ತಿ ಬಂದೈತಿ."

ಎಲ್ಲರೂ ಕರಬಸಪ್ಪನ ಮುಖ ನೋಡಿದರು. ಇನ್ನು ಈ ಮನೆಗೆ ಹಿರಿಯ ಅವನೇ.

*

ಹೊಸ ಮೀನಿನ ಮಾತು ಶುರುವಾದದ್ದು ಫಕ್ಕೀರವ್ವ ತೀರಿಕೊಂಡ ವರ್ಷದ ಯುಗಾದಿಯ ಸುಮಾರಿಗೆ. ಕುಮಟೆಯ ಹೊಳೆಬಾಯಿಯಲ್ಲಿ ಹೊಸ ತರಹದ್ದೊಂದನ್ನು ಕಂಡೆ ಎಂದ ಮಜೀದ. "ದುಂಡಗ, ಚಪ್ಪಟಿ. ಮೈತುಂಬ ಕರೇ ಚುಕ್ಕಿ. ನಿಮ್ಮ ರೊಟ್ಟಿ ಹಂಗ ಐತ್ರಿ."

"ನನ್ನ ರೊಟ್ಟಿ ಹೊತ್ತಿರತಾವು ಅಂತೀಯೇನೋ?" ಎಂದು ಫಕ್ಕೀರವ್ವ ನಕ್ಕಳು. ಆದರೆ ತಂದುಬಿಡು ಎನ್ನಲಿಲ್ಲ. ಹಿಂದೊಮ್ಮೆ ಗುರುತಿಲ್ಲದ ಮೀನೊಂದನ್ನು ಬಿಟ್ಟು, ಅದು ಪಟ್ಟಾಪಟ್ಟಿಯ ಬಾಲ ಹರಿದಿತ್ತು. "ಮೊದಲ ಅದು ಯಾರು ಅಂತ ತಿಳಕೋಬೇಕು. ಅದರ ಬಾಯಿ ಹೆಂಗೈತಿ? ದೊಡ್ಡದೋ, ಸಣ್ಣದೋ? ಏನ ತಿಂತೈತಿ?"

ಮಜೀದ ತಲೆ ಕೆರೆದುಕೊಂಡ. "ಬಾಯಿ ಯಾರ ನೋಡ್ಯಾರ್ರಿ?"

"ಖಾನಾವಳಿ ನಡಸಾಕಿ ಮೊದಲ ಬಾಯಿನ ನೋಡೂದು."

ಮಾಸ್ತರರು ಧಾರವಾಡದಿಂದ ಚಿತ್ರಗಳ ದಪ್ಪ ಪುಸ್ತಕ ತಂದರು. ಊಟದ ಹಲಗೆಯ ಮೇಲೆ ಅದನ್ನು ಹರವಿಕೊಂಡು ಮೂವರೂ ಕುಳಿತರು. ದುಂಡು ಮೀನುಗಳು ಎರಡು ತರಹದವಿದ್ದವು. ಒಂದಕ್ಕೆ ಹಕ್ಕಿಯ ಕೊಕ್ಕಿನಂತೆ ಚೂಪು ಬಾಯಿ. ಅದು ಹವಳದ ಹುಳುಗಳಲ್ಲದೆ ಬೇರೇನೂ ಮುಟ್ಟದು, ಇಲ್ಲಿ ಉಪವಾಸ ಬಿದ್ದು ಸಾಯುತ್ತದೆ. ಇನ್ನೊಂದರದು ಮೊಂಡು ಬಾಯಿ. ಪಾಚಿ, ಸೊಪ್ಪು, ಸಿಕ್ಕಿದ್ದನ್ನೆಲ್ಲ ಮೇಯುತ್ತದೆ. ಪುಸ್ತಕದಲ್ಲಿ ಅದರ ಹೆಸರು ಸ್ಕ್ಯಾಟ್.

ಮುಂದಿನ ಸಾರಿ ಬಂದಾಗ ಮಜೀದನ ಹೆಬ್ಬೆರಳು ಬಾತುಕೊಂಡಿತ್ತು. "ಬಾಯಿ ನೋಡಾಕ ಹಿಡಿಯಾಕ ಹೋದೆ, ಬೆನ್ನಮುಳ್ಳಲೆ ಚುಚ್ಚೇತ್ರಿ. ಒಂದ ದಿನ ಬೆಂಕಿ ಹಚ್ಚಿದಂಗ ಉರೀತು. ಬಾಯಿ ಸಣ್ಣದೈತಿ, ಮೊಂಡೈತಿ. ದೋಣಿಯ ಕಂಬದ ಪಾಚಿ ಕೆರಕೊಂಡು ತಿನ್ನಾಕತ್ತಿತ್ತು."

ಮಾಸ್ತರರು ಪುಟ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟರು. "ಬೆನ್ನಿನ ಮುಳ್ಳಿಗೆ ನಂಜು ಇರತೈತಿ ಅಂತ ಇಲ್ಲೆ ಬರದಾರ. ಹಂಗಾದ್ರ ಇದ ಅದು!"

"ಮಜೀದನ ಬಟ್ಟ ಸಾಕ್ಷಿ ಹೇಳಿತು," ಎಂದು ಫಕ್ಕೀರವ್ವ ಅವನ ಹೆಬ್ಬೆರಳಿಗೆ ಬಿಸಿ ಅರಿಸಿನದ ಪಟ್ಟಿ ಕಟ್ಟಿದಳು. ಕಟ್ಟುತ್ತ ಕೇಳಿದಳು: "ಮಾಸ್ತರ, ಸೊಪ್ಪು ತಿಂತೈತಿ ಅಂದ್ರಲ್ಲ, ಖರೇನ? ಹಕ್ಕರಿಕಿ ತಿಂದೀತ?"

"ತಿಂದೀತು. ಯಾಕ್ರಿ?"

"ತಿಂದ್ರ, ನಮ್ಮಣ್ಣಗ ಹೇಳಿ ಕಳಸತೇನಿ. ನನ್ನ ಮನಿ ಮೀನೂ ಈಗ ಹಸರ ಉಣತೈತಿ, ಬಾ ಅಂತ."

ಅಂದಿನಿಂದ ಅವಳಿಗೆ ಒಂದೇ ಕೆಲಸ. ಮರಳು ತೊಳೆದಳು, ನೀರನ್ನು ವಾರಗಟ್ಟಲೆ ಧಾರೆಯಲ್ಲಿ ಓಡಿಸಿ ತಿಳಿ ಮಾಡಿದಳು. ಸಾಯುವ ಹಿಂದಿನ ದಿನ ತೊಟ್ಟಿಯೊಳಗಿನ ಕಲ್ಲುಗಳನ್ನೆಲ್ಲ ಎತ್ತಿ ಬೇರೆ ಬೇರೆ ಕಡೆ ಇಟ್ಟಳು. ಯಾಕೆಂದು ಅನ್ನವ್ವ ಕೇಳಿದಳು.

"ಹಳೇ ಗಿರಾಕಿ ತನ್ನ ಜಾಗಾ ಹೊಸಬರಿಗೆ ಬಿಡಂಗಿಲ್ಲವ್ವ. ಬೆಂಚ ಸರಿಸಿಬಿಟ್ರ ಇಬ್ಬರೂ ಹೊಸಬರ ಆಗತಾರ. ಜಗಳ ಇಲ್ಲ."

*

"ನಮಗ ಸೂತಕ ಇಲ್ಲ," ಎಂದರು ಅಯ್ಯನವರು, ಯಾರೂ ಕೇಳದಿದ್ದರೂ. "ಮೀನಿಂದ ಏನೂ ಅಡ್ಡಿ ಇಲ್ಲ. ಹೊತ್ತಿಂದ ಅಷ್ಟ ಚಿಂತಿ."

"ಇದನ್ನ ಒಮ್ಮೆಲೆ ತೊಟ್ಟ್ಯಾಗ ಬಿಡಾಕ ಬರಂಗಿಲ್ಲ," ಎಂದ ಮಜೀದ. "ಅಕ್ಕ ಹೇಳಿದ್ಲು. ತೊಟ್ಟಿ ನೀರ ಸ್ವಲ್ಪ ಸ್ವಲ್ಪ ಭರಣಿಗೆ ಹಾಕಿ ರೂಢಿ ಮಾಡಬೇಕು. ತಾಸು ಹಿಡೀತೈತಿ. ನೀವು ಮುಂದ ಹೋಗ್ರಿ, ನಾ ಇಲ್ಲೆ ಕುಂದರತೇನಿ." ಹೆಗಲು ಕೊಡುವ ಆಸೆ ಅವನಿಗೂ ಇತ್ತು.

ಕರಬಸಪ್ಪ ಭರಣಿಯೊಳಗೆ ಬಗ್ಗಿ ನೋಡಿದ. ಬಿಸಿಲು ಬಿದ್ದು ಮೀನು ಹೊಳೆಯಿತು: ದುಂಡಗೆ, ಬೆಳ್ಳಗೆ, ಅಲ್ಲಲ್ಲಿ ಹೊತ್ತಿದ ಕಲೆ. ಕಿವಿರು ವೇಗವಾಗಿ ಬಡಿಯುತ್ತಿತ್ತು.

"ಇದಕ್ಕ ಉಣ್ಣಾಕ ಏನ ಹಾಕತೀರಿ?" ಎಂದು ಕೇಳಿದ.

ಅನ್ನವ್ವ ಒಳಗೆ ಓಡಿ, ಫಕ್ಕೀರವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಕ್ಕರಿಕೆಯ ಕಟ್ಟು ತಂದಳು. "ಇದನ್ರಿ. ಸೊಪ್ಪು ತಿನ್ನೋ ಮೀನ ಅಂತ ಗುರ್ತ ಹಿಡದ ಮ್ಯಾಲೆನ ತರಾಕ ಹೇಳಿದ್ಲು. ನಿಮ್ಮ ಸಲುವಾಗ್ರಿ ಯಜಮಾನ್ರ. ಅಣ್ಣ ಇನ್ನ ಬರತಾನ ಅಂತಿದ್ಲು."

ಕರಬಸಪ್ಪ ಸೊಪ್ಪಿನ ಕಟ್ಟನ್ನು ಕೈಯಲ್ಲಿ ಹಿಡಿದು ನಿಂತ. ತಂಗಿಯ ಕಡೆ ನೋಡಲು ಅವನಿಂದ ಆಗಲಿಲ್ಲ. ಶಲ್ಯದಿಂದ ಮುಖ ಒರೆಸಿಕೊಂಡು ಭಜನೆಯವರ ಕಡೆ ತಿರುಗಿದ.

"ಹಾಡ್ರಿ. ನಿಲ್ಲಸಬ್ಯಾಡ್ರಿ. ಮೀನ ಒಳಗ ಹೋಗೂತನಕ ವಿಮಾನ ಏಳಂಗಿಲ್ಲ. ಆಕಿ ಕರೆಸಿದ ಗಿರಾಕಿ ಉಂಡ ಮ್ಯಾಲೆನ ಆಕೀನ ಕಳಸೋದು."

ಒಂದು ಪದ ಮುಗಿದರೆ ಒಂದು ಚಿಪ್ಪು ನೀರು. ಮಜೀದ ಭರಣಿ ಹಿಡಿದ, ಅನ್ನವ್ವ ನೀರು ಹಾಕಿದಳು, ಗುದ್ಲೆಪ್ಪ ಮಾಸ್ತರರು ಮೀನಿನ ಕಿವಿರಿನ ಮೇಲೆ ಕಣ್ಣಿಟ್ಟರು. ಗಡಿಗೆಯ ಹತ್ತಿರ ಯಾರೂ ಇಲ್ಲದ್ದನ್ನು ಕಂಡು ಕರಬಸಪ್ಪ ತಾನೇ ಇನ್ನೊಂದು ಚಿಪ್ಪು ಹಿಡಿದು ನೀರೆತ್ತತೊಡಗಿದ. ಹೊರಗಿನ ಜನ ಕಿಟಕಿಗೆ ಮುತ್ತಿದರು. ಭಜನೆಯವರು ತಾಳ ಬಡಿಯುತ್ತಲೇ ಕತ್ತು ಹೊರಳಿಸಿ ನೋಡುತ್ತಿದ್ದರು.

"ಈಗ ಸಾವಕಾಶ ಉಸರಾಡಾಕತ್ತೈತಿ," ಎಂದರು ಮಾಸ್ತರರು. "ಬಿಡ್ರಿ."

ಮಜೀದ ಭರಣಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಓರೆ ಮಾಡಿದ. ರೊಟ್ಟಿ ಮೀನು ಅಂಚಿನಲ್ಲಿ ತುಸು ಅನುಮಾನಿಸಿ ಹೊರಗೆ ಜಾರಿತು. ಕಲ್ಲಿನ ಮರೆಯಿಂದ ಪಟ್ಟಾಪಟ್ಟಿ ಬಾಣದಂತೆ ಬಂತು. ಜನ ಉಸಿರು ಹಿಡಿದರು. ಹತ್ತಿರ ಬಂದ ಪಟ್ಟಾಪಟ್ಟಿ ಒಂದು ಸುತ್ತು ಹಾಕಿತು, ತನ್ನ ಕಲ್ಲು ಯಾವುದೆಂದು ತಿಳಿಯದೆ ಅತ್ತಿತ್ತ ನೋಡಿತು, ಹೊಸ ಸಂದಿಯೊಂದಕ್ಕೆ ಹೋಗಿ ಕುಳಿತಿತು.

ಕರಬಸಪ್ಪ ಹಕ್ಕರಿಕೆಯ ಎಸಳೊಂದನ್ನು ನೀರಿಗೆ ಬಿಟ್ಟ. ಎಸಳು ತೇಲಿತು, ಧಾರೆಯ ಕೆಳಗೆ ಸಿಕ್ಕಿ ಸ್ವಲ್ಪ ಮುಳುಗಿತು. ರೊಟ್ಟಿ ಮೀನು ಅದರ ಹತ್ತಿರ ಬಂದು ನಿಂತಿತು. ಬಾಯಿ ಮುಂದೆ ಮಾಡಿತು. ಎಸಳಿನ ತುದಿ ಒಮ್ಮೆ ನಡುಗಿತು, ಮತ್ತೆ ನಡುಗಿತು, ಅರ್ಧ ಚಂದ್ರದಷ್ಟು ಸೊಪ್ಪು ಇಲ್ಲವಾಯಿತು.

"ಉಂಡಿತು!" ಎಂದು ಅನ್ನವ್ವ ಕೂಗಿದಳು. "ಯಕ್ಕಾ, ಉಂಡಿತ!"

ಕಿಟಕಿಯಲ್ಲಿ ಕೂಗೆದ್ದಿತು, ಬಾಗಿಲಿಗೆ ಹಬ್ಬಿತು, ರಸ್ತೆಗೆ ಇಳಿಯಿತು. ಭಜನೆಯವರು ಎದ್ದು ನಿಂತು ತಾಳ ಬಡಿದರು. ಅದೇ ಅಬ್ಬರದಲ್ಲಿ ಫಕ್ಕೀರವ್ವನನ್ನು ಎತ್ತಿ ವಿಮಾನದಲ್ಲಿ ಕೂರಿಸಿದರು. ಕರಬಸಪ್ಪ ಮುಂದಿನ ಒಂದು ಕೊನೆಗೆ ಹೆಗಲು ಕೊಟ್ಟು, ಇನ್ನೊಂದು ಕೊನೆಗೆ ಮಜೀದನನ್ನು ಕರೆದ. ಬಸ್‌ಸ್ಟ್ಯಾಂಡಿನಲ್ಲಿ ಹೊರಟು ನಿಂತಿದ್ದ ಬಸ್ಸುಗಳು ಮೆರವಣಿಗೆ ದಾಟುವವರೆಗೆ ಇಂಜಿನ್ನು ಬಂದ್ ಮಾಡಿ ನಿಂತವು. ಹೆಣ ಒಯ್ಯುವುದನ್ನು ಊರು ಎಷ್ಟೋ ಸಲ ಕಂಡಿತ್ತು; ಗೆದ್ದವರನ್ನು ಒಯ್ಯುವ ಹಾಗೆ ಒಯ್ದದ್ದನ್ನು ಕಂಡಿರಲಿಲ್ಲ.

ಕುಣಿಯಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಪತ್ರೆ ಹಾಕಿದ ಮೇಲೆ ಉಪ್ಪು ಹಾಕುವ ಪದ್ಧತಿ. ಮಜೀದನ ಲಾರಿಯಿಂದ ತಂದ ಚೀಲವನ್ನು ಕರಬಸಪ್ಪ ಬಿಚ್ಚಿ, "ನೀನ ಹಾಕಪಾ," ಎಂದ. ಮಜೀದ ಬೊಗಸೆ ತುಂಬಿ ತುಂಬಿ ಹಾಕಿದ.

*

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಖಾನಾವಳಿಗೆ ಮರಳಿದ್ದರು. ಊರಿಗೆ ಹೋಗುವ ಬಸ್ಸು ಬಂದರೂ ಜನ ಕದಲುತ್ತಿರಲಿಲ್ಲ. ಗಾಜಿನ ಮುಂದೆ ನಿಲ್ಲುವರು, ಸರಿಯುವರು, ಮತ್ತೆ ಬಂದು ನಿಲ್ಲುವರು. ಮಜೀದ ಲಾರಿಯಲ್ಲಿ ಉಳಿದಿದ್ದ ಇನ್ನೊಂದು ಭರಣಿಯನ್ನು ಇಳಿಸಿ ತಂದ. ಅದರಲ್ಲಿ ಮೀನಿರಲಿಲ್ಲ, ಬರೀ ನೀರು.

ಹಿರೇಕೆರೂರಿನ ಕಡೆಯ ಒಬ್ಬ ಮುದುಕಿ ಅದರ ಹತ್ತಿರ ಕುಕ್ಕರಗಾಲಲ್ಲಿ ಕುಳಿತಳು.

"ಇದು ಖರೇನ ಸಮುದ್ರದ್ದ ಏನಪಾ?"

"ಹೌದವ್ವ. ನಿನ್ನೆ ತುಂಬೇನಿ."

"ಉಪ್ಪ ಇರತೈತಿ ಅಂತಾರಲ್ಲ?"

ಕರಬಸಪ್ಪ ಅಡಿಗೆಮನೆಗೆ ಹೋಗಿ ಕಟ್ಟಿಗೆಯ ಸವಟು ತಂದ. ಭರಣಿಯಲ್ಲಿ ಅದ್ದಿ, ಮುದುಕಿಯ ಅಂಗೈಗೆ ನಾಲ್ಕು ಹನಿ ಹಾಕಿದ. ಅವಳು ಕಣ್ಣು ಮುಚ್ಚಿ ನಾಲಿಗೆಗೆ ಹಚ್ಚಿಕೊಂಡಳು. ಮುಖವೆಲ್ಲ ಮುದುಡಿತು.

"ಅಯ್ಯ ನನ ಶಿವನ, ಏನ ಉಪ್ಪ!" ಎಂದು ಬೊಚ್ಚು ಬಾಯಿ ತೆರೆದು ನಕ್ಕಳು. ಸುತ್ತಲಿದ್ದವರೂ ನಕ್ಕರು. ಹಿಂದಿನವರು ಮುಂದೆ ನುಗ್ಗಿದರು. ನಿಂತ ಬಸ್ಸಿನ ಕಂಡಕ್ಟರ್ ಸೀಟಿ ಊದುವುದನ್ನು ಬಿಟ್ಟು ಇಳಿದು ಬಂದ. ಸಾಲು ಹೊಸ್ತಿಲು ದಾಟಿ ರಸ್ತೆಯವರೆಗೆ ಬೆಳೆಯಿತು. ಕರಬಸಪ್ಪ ತಲೆ ಎತ್ತದೆ, ಮುಂದೆ ಚಾಚಿದ ಒಂದೊಂದು ಅಂಗೈಗೂ ಸಮುದ್ರ ಬಡಿಸುತ್ತಲೇ ಇದ್ದ.